ಬೆಣ್ಣೆ ಗುಲಾಬಿ, ಸಕ್ಕರೆ ನವಿಲು

ಹೋದ ವರ್ಷ ಏಪ್ರಿಲ್‌ನಲ್ಲಿ ಮೊಮ್ಮಗಳಿಗೆ ಹತ್ತು ತುಂಬಿತು. ಬೇಸಿಗೆ ರಜೆಗೆಂದು ಕೊಂಡ್ಲಹಳ್ಳಿಗೆ ಬಂದಿದ್ದಳು. ಅದರ ಹಿಂದಿನ ವರ್ಷ ಪೇಟೆಯ ಬೇಕರಿಯಿಂದ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ ಕೇಕ್ ಮನೆ ಸೇರುವ ಹೊತ್ತಿಗೆ ಅರ್ಧ ಡಬ್ಬದ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಅದಕ್ಕೇ ಈ ಸಲ ಮನೆಯಲ್ಲೇ ಮಾಡೋಣ ಎಂದು ನಾನು ಮಾತು ಕೊಟ್ಟಿದ್ದೆ. ಕೇಕ್ ಬೇಯಿಸುವುದು ಅವಳ ಅಜ್ಜಿಯ ಕೆಲಸ, ಅಲಂಕಾರ ನನ್ನದು.

ಮೊಬೈಲ್‌ನಲ್ಲಿ ನಾಲ್ಕಾರು ಸಲ ನೋಡಿ ಕಲಿತೆ. 100 ಗ್ರಾಂ ಬೆಣ್ಣೆ, 200 ಗ್ರಾಂ ಸಕ್ಕರೆ ಪುಡಿ, ಒಂದು ಚಮಚ ಹಾಲು. ಚೆನ್ನಾಗಿ ಕಡೆದರೆ ಹತ್ತಿಯಂತೆ ಬೆಳ್ಳಗೆ ಉಬ್ಬುತ್ತದೆ. ಬೆಳಿಗ್ಗೆ ಹತ್ತಕ್ಕೆಲ್ಲ ಕೇಕಿನ ಮೇಲೆ ಏಳು ಗುಲಾಬಿ ಅರಳಿದವು. ಅವುಗಳ ನಡುವೆ ಹುಡುಗಿಯ ಹೆಸರು ಬರೆದೆ. ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಈ ಬಿಸಿಲಿಗೆ ಬೆಣ್ಣೆ ನಿಂತೀತೇನ್ರೀ?" ಎಂದಳು. "ಮೊಬೈಲ್‌ನಲ್ಲಿ ನಿಂತಿದೆಯಲ್ಲ" ಎಂದೆ.

ಮಧ್ಯಾಹ್ನ ಕರೆಂಟ್ ಹೋಯಿತು. ಫ್ರಿಜ್ ಬಾಗಿಲನ್ನು ಮಕ್ಕಳು ಎಷ್ಟು ಸಲ ತೆಗೆದು ನೋಡಿದರೋ ಲೆಕ್ಕವಿಲ್ಲ. ನಾಲ್ಕು ಗಂಟೆಗೆ ಓಣಿಯ ಮಕ್ಕಳೆಲ್ಲ ಬಂದು ಕೂತಾಗ ಕೇಕನ್ನು ಹೊರಗೆ ತಂದಿಟ್ಟೆ. ಮೇಣದಬತ್ತಿ ಹುಡುಕಿ ತರುವಷ್ಟರಲ್ಲಿ ಗುಲಾಬಿಗಳು ಒಂದಕ್ಕೊಂದು ಒರಗಿಕೊಂಡವು. ಆಮೇಲೆ ಎಲ್ಲವೂ ಒಟ್ಟಾಗಿ ತಟ್ಟೆಗೆ ಜಾರಿದವು. ಹೆಸರಿನ ಕೊನೆಯ ಅಕ್ಷರ ಮಾತ್ರ ಉಳಿದಿತ್ತು. ಒಬ್ಬ ಹುಡುಗ ನಕ್ಕ. ಮೊಮ್ಮಗಳು ಅಳಲಿಲ್ಲ, ಮಾತೂ ಆಡಲಿಲ್ಲ. ಕೇಕ್ ಕತ್ತರಿಸಿ ಎಲ್ಲರಿಗೂ ಹಂಚಿ, ತಾನು ತಿನ್ನದೆ ಒಳಗೆ ಹೋದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಅಂದು ರಾತ್ರಿ ಅಜ್ಜಿ ಮೇಲಿನ ಗೂಡಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಒಳಗೆ ಹಳೆಯ ಪಂಚೆ ತುಂಡಿನಲ್ಲಿ ಸುತ್ತಿಟ್ಟ ಸಕ್ಕರೆ ನವಿಲು. ಗೌರಿ ಹುಣ್ಣಿಮೆಗೆ ತಂದ ಸಕ್ಕರೆ ಆರತಿಯಲ್ಲಿ ಉಳಿದದ್ದು. ಐದು ತಿಂಗಳಾಗಿತ್ತು. ಕೊಕ್ಕಿನ ತುದಿ ಕೂಡ ಮುಕ್ಕಾಗಿರಲಿಲ್ಲ.

ಸಕ್ಕರೆ ಆರತಿ ನೋಡಿರದ ಊರಿನ ಮಕ್ಕಳಿಗಾಗಿ ಎರಡು ಮಾತು. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ, ಅದಕ್ಕೆ ಅಂಟಿಕೊಂಡ ನಮ್ಮ ಕಡೆಯೂ, ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆ ಗೊಂಬೆಗಳನ್ನು ಜೋಡಿಸಿಕೊಂಡು ಗೌರಮ್ಮನಿಗೆ ಆರತಿ ಬೆಳಗಲು ಹೋಗುತ್ತಾರೆ. ಆನೆ, ಒಂಟೆ, ನವಿಲು, ತೇರು ಎಲ್ಲ ಇರುತ್ತವೆ. ಮದುವೆ ಗೊತ್ತಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸಕ್ಕರೆ ಆರತಿ ಒಯ್ಯುವುದೂ ಉಂಟು. ಮಾಡುವವರು ಸಕ್ಕರೆ ಪಾಕಕ್ಕೆ ಸ್ವಲ್ಪ ಹಾಲು ಹಾಕಿ ಕೊಳೆ ತೆಗೆದು ಸೋಸುತ್ತಾರೆ. ಹದ ಬರುವವರೆಗೆ ತಿರುವಿ, ನೀರಿನಲ್ಲಿ ನೆನೆಸಿ ಜೋಡಿಸಿ ಕಟ್ಟಿದ ಮರದ ಅಚ್ಚಿಗೆ ಸುರಿಯುತ್ತಾರೆ. ಆರಿದ ಮೇಲೆ ಅಚ್ಚು ಬಿಡಿಸಿದರೆ ಗೊಂಬೆ. ಹಳೇ ಮೈಸೂರಿನವರ ಸಂಕ್ರಾಂತಿಯ ಸಕ್ಕರೆ ಅಚ್ಚೂ ಹೀಗೇ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ. ಕೊನೆಯ ಚೀಟಿಯಿಂದ ಹಿಂದಕ್ಕೆ ಹೋಗುತ್ತ ತಪ್ಪು ಹುಡುಕುತ್ತಿದ್ದೆವು. ಆ ಚಾಳಿ ಇನ್ನೂ ಬಿಟ್ಟಿಲ್ಲ. ಐದು ತಿಂಗಳು ನಿಂತ ನವಿಲನ್ನು ಮುಂದಿಟ್ಟುಕೊಂಡು, ಐದಾರು ಗಂಟೆಯೂ ನಿಲ್ಲದ ಗುಲಾಬಿಯ ತಪ್ಪು ಹುಡುಕಿದೆ.

ತಪ್ಪು ನನ್ನ ಕೈಯದ್ದಲ್ಲ, ಊರನ್ನು ಮರೆತದ್ದು. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಕರಗುತ್ತದೆ. ಅದಕ್ಕೂ ಮೊದಲೇ ಮೆತ್ತಗಾಗಿ ಆಕಾರ ಬಿಡುತ್ತದೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಸಿಲು 40ರ ಹತ್ತಿರ ಹೋಗುತ್ತದೆ, ನಡುಮನೆಯ ನೆರಳೂ ಅದಕ್ಕಿಂತ ಬಹಳ ಕಡಿಮೆಯೇನಲ್ಲ. ವಿಡಿಯೋ ಮಾಡಿದಾಕೆ ಎಸಿ ಹಾಕಿದ ಅಡುಗೆಮನೆಯಲ್ಲಿ ನಿಂತಿದ್ದಳು, ನಾನು ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಬೆಣ್ಣೆ ಬದಲು ಕ್ರೀಮ್ ಹಾಕಿದ್ದರೂ ಇದೇ ಗತಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಫ್ರೆಶ್ ಕ್ರೀಮ್‌ನಲ್ಲಿ ಶೇ 25ರಷ್ಟು ಕೊಬ್ಬಿರುತ್ತದೆ. ಗಟ್ಟಿ ನೊರೆ ಬರಲು ಶೇ 30ಕ್ಕಿಂತ ಹೆಚ್ಚು ಬೇಕು, ಜೊತೆಗೆ ಎಲ್ಲವೂ ಮಂಜಿನಷ್ಟು ತಣ್ಣಗಿರಬೇಕು.

ಸಕ್ಕರೆಯ ಶತ್ರು ಬಿಸಿಯಲ್ಲ, ತೇವ. 40 ಡಿಗ್ರಿಗೆ ಸಕ್ಕರೆಗೆ ಏನೂ ಆಗದು. ಆದರೆ ಮಂಗಳೂರಿನ ಕಡೆ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೂ ಸಾಕು, ಅದು ಬೆವರತೊಡಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳ ಸಾಲಿನವು. ಹಗ್ಗದ ಮೇಲೆ ಹಾಕಿದ ಬಟ್ಟೆ ನೋಡನೋಡುತ್ತಲೇ ಒಣಗುತ್ತದೆ. ಶೇಂಗಾಕ್ಕೂ ಸಾಲದ ಮಳೆ ಎಂದು ಜೀವಮಾನವಿಡೀ ಗೊಣಗಿದ ನಮಗೆ ಆ ಒಣಹವೆಯಿಂದ ಒಂದು ಉಪಕಾರವೂ ಇದೆ. ಇಲ್ಲಿ ಸಕ್ಕರೆಯ ಗೆರೆ ಎಳೆದರೆ ಕಲ್ಲಿನಂತೆ ಕೂರುತ್ತದೆ.

ಬೆಂಗಳೂರಿನಲ್ಲಿ ಡಿಸೆಂಬರ್ ಹೊತ್ತಿಗೆ ನಡೆಯುವ ಕೇಕ್ ಶೋ ಹೆಸರು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ನೀಲಗಿರೀಸ್ ಮನೆತನದ ಸಿ. ರಾಮಚಂದ್ರನ್ ಅವರು 1970ರ ದಶಕದಲ್ಲಿ ಶುರು ಮಾಡಿದ್ದು. ಕೋಟೆ, ಅರಮನೆ, ಆಳೆತ್ತರದ ಪ್ರಾಣಿ ಎಲ್ಲ ಅಲ್ಲಿ ದಿನಗಟ್ಟಲೆ ನಿಂತಿರುತ್ತವೆ. ಬೆಣ್ಣೆಯಲ್ಲಿ ಕಟ್ಟಿದ್ದರೆ ನಿಲ್ಲುತ್ತಿದ್ದವೇ? ಅದು ಸಕ್ಕರೆಯ ಕೆಲಸ. ನಮ್ಮ ನವಿಲಿನ ದೊಡ್ಡ ನೆಂಟರು ಅನ್ನಿ.

ಸರಿ, ದಾರಿ ಗೊತ್ತಾಯಿತು. ಜನವರಿಯಿಂದ ಮಾರ್ಚ್‌ವರೆಗೆ ಮಾರಿ ಬಿಸ್ಕತ್ತಿನ ಮೇಲೆ ಅಭ್ಯಾಸ ಮಾಡಿದೆ. ನೀವೂ ಹಾಗೇ ಮಾಡಿ. ಕೆಟ್ಟರೆ ಒಂದು ಬಿಸ್ಕತ್ತು ಹೋಯಿತು, ಅದನ್ನೂ ಯಾರಾದರೂ ತಿನ್ನುತ್ತಾರೆ.

ಒಂದು ಲೋಟ ಸಕ್ಕರೆಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಜರಡಿಗೆ ಸೋಮಾರಿತನ ಮಾಡಬೇಡಿ. ಒಂದೇ ಒಂದು ಸಕ್ಕರೆ ಹರಳು ಕೋನ್‌ನ ಬಾಯಿಗೆ ಸಿಕ್ಕಿಕೊಂಡರೆ ಗೆರೆ ಅಲ್ಲಿಗೆ ನಿಂತಿತು, ಒತ್ತಿದರೆ ಹಿಂದಿನಿಂದ ಬಿರಿಯಿತು. ನನ್ನ ಅಂಗಿಯೊಂದು ಹೀಗೆ ಸಕ್ಕರೆಯಲ್ಲಿ ಮಿಂದಿದೆ. 250 ಗ್ರಾಂ ಪುಡಿಗೆ ಎರಡೂವರೆ ದೊಡ್ಡ ಚಮಚ ನಿಂಬೆರಸ ಮತ್ತು ನೀರು, ಒಟ್ಟಿಗೇ ಸುರಿಯದೆ ಹನಿಹನಿಯಾಗಿ. ಇನ್ನು ಬೇಕು ಅನ್ನಿಸಿದಾಗ ಅರ್ಧ ಚಮಚ ಮಾತ್ರ ಹಾಕಿ. ಚಮಚದಿಂದ ಬಿಟ್ಟ ಎಳೆ ಹತ್ತು ಎಣಿಸುವುದರೊಳಗೆ ಕರಗಿ ಸಮವಾದರೆ ಅದು ಕೇಕಿನ ಮೇಲೆ ಹರಡುವ ಹದ. ಬಿಟ್ಟ ಕಡೆಯೇ ಎಳೆ ಎಳೆಯಾಗಿ ನಿಂತರೆ ಚಿತ್ರ ಬರೆಯುವ ಹದ. ಮಿಕ್ಕಿದ್ದನ್ನು ಒದ್ದೆ ಬಟ್ಟೆ ಮುಚ್ಚಿಡಿ, ಇಲ್ಲವಾದರೆ ನಮ್ಮ ಗಾಳಿಗೆ ಬಟ್ಟಲಲ್ಲೇ ಹೆಪ್ಪುಗಟ್ಟುತ್ತದೆ. ಕೆಲವರು ನೀರಿನ ಬದಲು ಮೊಟ್ಟೆಯ ಬಿಳಿ ಹಾಕುತ್ತಾರೆ. ಗಟ್ಟಿತನ ಹೆಚ್ಚು ನಿಜ, ಆದರೆ ಹಸಿ ಮೊಟ್ಟೆಯನ್ನು ಚಿಕ್ಕ ಮಕ್ಕಳಿಗೂ ನನ್ನಂಥ ಮುದುಕರಿಗೂ ಕೊಡದಿರುವುದೇ ಮೇಲು.

ಕೋನ್ ಹೇಗೆ ಎಂದು ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ, ಮೆಹಂದಿ ಕೋನ್‌ನಂತೆಯೇ. ಬೆಣ್ಣೆ ಕಾಗದ ಸುತ್ತಿದರಾಯಿತು. ಅದು ಸಿಗದಿದ್ದರೆ ಚೆನ್ನಾಗಿ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್‌ನ ಒಂದು ಮೂಲೆಯನ್ನು ಗುಂಡುಸೂಜಿಯ ತಲೆಯಷ್ಟು ಕತ್ತರಿಸಿದರೆ ಸಾಕು. ರಂಗೋಲಿ ಎಳೆ ಹಾಕಿ ಅಭ್ಯಾಸವಿದ್ದವರ ಕೈ ಇದರಲ್ಲಿ ಬೇಗ ಪಳಗುತ್ತದೆ. ನಾನು ಮೂರು ತಿಂಗಳಲ್ಲಿ ಕಲಿತದ್ದನ್ನು ಮೊಮ್ಮಗಳು ಒಂದು ಮಧ್ಯಾಹ್ನದಲ್ಲಿ ಕಲಿತಳು.

ಕೇಕಿನ ಕಡೆಯಿಂದಲೂ ಸ್ವಲ್ಪ ಸಿದ್ಧತೆ ಬೇಕು. ಹಿಂದಿನ ರಾತ್ರಿಯೇ ಬೇಯಿಸಿ, ಪೂರ್ತಿ ಆರಿದ ಮೇಲೆ ಬಟ್ಟೆ ಮುಚ್ಚಿಡಿ. ಬೆಚ್ಚಗಿರುವಾಗ ಐಸಿಂಗ್ ಹಾಕಿದರೆ ಯಾವ ಸಕ್ಕರೆಯೂ ಕಾಪಾಡದು. ಕುಕ್ಕರ್ ಕೇಕಿನ ನೆತ್ತಿ ಉಬ್ಬಿರುತ್ತದೆ. ಅದನ್ನು ಸವರಿ ತೆಗೆದು ಕೇಕನ್ನು ಬೋರಲು ಹಾಕಿ, ತಳವೇ ಈಗ ಮೇಲ್ಭಾಗ. ಎರಡು ಚಮಚ ಜಾಮ್ ಬಿಸಿ ಮಾಡಿ ತೆಳ್ಳಗೆ ಬಳಿದರೆ ಪುಡಿ ಏಳುವುದಿಲ್ಲ. ಗೋಡೆಗೆ ಸುಣ್ಣ ಹೊಡೆಯುವ ಮೊದಲು ಧೂಳು ಒರೆಸಿದಂತೆ ಇದು.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಬಾಂಬೆ ಮಿಠಾಯಿಗೆ ಹಾಕುತ್ತಿದ್ದ ರೋಡಮಿನ್-ಬಿ ಬಣ್ಣವನ್ನು ನಿಷೇಧಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಇಲಾಖೆ ಬೆಂಗಳೂರಿನ ಬೇಕರಿಗಳಿಂದ 235 ಕೇಕ್ ಮಾದರಿ ತಂದು ಪರೀಕ್ಷಿಸಿ, 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿದೆ ಎಂದಿತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಕೇಕುಗಳ ಹೆಸರನ್ನು ಎತ್ತಿ ಹೇಳಿತು. 223 ಚೆನ್ನಾಗಿದ್ದವಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಮನೆಯಲ್ಲಿ ಬೀಟ್‌ರೂಟ್ ಇರುವಾಗ ಆ ಜೂಜು ಏಕೆ? ಬೀಟ್‌ರೂಟ್ ತುರಿದು ಹಿಂಡಿದ ನಾಲ್ಕು ಹನಿ ರಸಕ್ಕೆ ಚಂದದ ಗುಲಾಬಿ ಬಣ್ಣ, ನಿಂಬೆ ಹುಳಿ ಇದ್ದರೂ ಅದು ಕೆಡುವುದಿಲ್ಲ. ಚಿಟಿಕೆ ಅರಿಸಿನಕ್ಕೆ ಹಳದಿ. ಅರಿಸಿನದ ಬಟ್ಟಲಿಗೆ ಸೋಡಾಪುಡಿಯ ಚಮಚ ಅದ್ದಬೇಡಿ, ಕೆಂಪಗಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಆರತಿಯ ಓಕುಳಿ ಮಾಡುವುದನ್ನು ನೋಡಿದ ಮಕ್ಕಳಿಗೆ ಕಾರಣ ಹೊಳೆಯುತ್ತದೆ. ಅಂದ ಹಾಗೆ, ಸಂತೆಯಲ್ಲಿ ಸಿಗುವ ಬಣ್ಣದ ಸಕ್ಕರೆ ಗೊಂಬೆಗೂ ಇದೇ ಮಾತು. ಬಣ್ಣದ್ದು ನೋಡಲಿಕ್ಕೆ, ಬಿಳಿಯದು ತಿನ್ನಲಿಕ್ಕೆ.

ಈ ಏಪ್ರಿಲ್‌ನಲ್ಲಿ ಹುಡುಗಿ ಬಂದಾಗ ಕೇಕಿನ ಮಾತನ್ನೇ ಎತ್ತಲಿಲ್ಲ. ನಾನೇ ಎತ್ತಿದೆ. "ಬೇಡ ತಾತ, ಪಾಯಸ ಮಾಡಿಸು ಸಾಕು" ಎಂದಳು. ನನಗೆ ನೋವಾಗಬಾರದೆಂದು ಹಾಗಂದಳು ಎಂದು ತಿಳಿಯದಷ್ಟು ದಡ್ಡನೇನಲ್ಲ. ಏನೂ ಹೇಳದೆ ಒಂದು ಮಾರಿ ಬಿಸ್ಕತ್ತು ತಂದು ಅವಳ ಮುಂದಿಟ್ಟೆ. ಹಿಂದಿನ ದಿನ ಅದರ ಮೇಲೆ ಒಂದು ಮಾವಿನಕಾಯಿ ಬುಟ್ಟಾ ಬರೆದು ಅಂಗಳದ ಕಟ್ಟೆಯ ಮೇಲೆ ಒಣಗಿಸಿದ್ದೆ. ಉಗುರಿನಿಂದ ತಟ್ಟಿ ನೋಡಿದಳು. ಟಕ್ ಟಕ್ ಎಂದಿತು. "ಬಿಸಿಲಿಗೇ ಇಟ್ಟಿದ್ದೆಯಾ?" ಎಂದಳು. "ಬಿಸಿಲಿಗೇ" ಎಂದೆ.

ಆಮೇಲೆ ಕೋನ್ ನನ್ನ ಕೈಗೆ ಬರಲಿಲ್ಲ. ಗುಲಾಬಿ ಬೇಡವೆಂದಳು. ಅಜ್ಜಿಯ ಪೆಟ್ಟಿಗೆಯಿಂದ ಮೊಳಕಾಲ್ಮೂರು ರೇಷ್ಮೆ ಸೀರೆ ತೆಗೆಸಿ, ಕಾಪಿಪುಸ್ತಕದಲ್ಲಿ ಅದರ ಅಂಚನ್ನು ಬರೆದುಕೊಂಡಳು. ಬಿಳಿ ಐಸಿಂಗ್ ಹರಡಿ ಎರಡು ಗಂಟೆ ಒಣಗಲು ಬಿಟ್ಟೆವು. ಅದರ ಸುತ್ತ ಬೀಟ್‌ರೂಟ್ ಬಣ್ಣದಲ್ಲಿ ಅಂಚು, ಒಳಗೆ ಅರಿಸಿನ ಬಣ್ಣದ ಸಣ್ಣ ಸಣ್ಣ ಬುಟ್ಟಾ. ಅಲ್ಲಲ್ಲಿ ಗೆರೆ ಸೊಟ್ಟಗಿತ್ತು. ತಿದ್ದುತ್ತೇನೆ ಎಂದರೆ ಬಿಡಲಿಲ್ಲ. ಹೆಸರು ಬರೆಯುವಾಗ ಮಾತ್ರ ನನ್ನನ್ನು ಹೊರಗೆ ಕಳಿಸಿದಳು.

ಫ್ರಿಜ್‌ನಲ್ಲಿ ಇಡಲಿಲ್ಲ. ಒಳಗಿಟ್ಟು ಹೊರತೆಗೆದರೆ ತಣ್ಣನೆಯ ಸಕ್ಕರೆಯ ಮೇಲೆ ನೀರು ಕೂತು ಬಣ್ಣ ಹರಿಯುತ್ತದೆ. ಕೇಕಿನ ತಟ್ಟೆಯನ್ನು ನೀರು ತುಂಬಿದ ದೊಡ್ಡ ತಟ್ಟೆಯೊಳಗೆ ಒಂದು ಬಟ್ಟಲ ಮೇಲಿಟ್ಟೆವು. ಇರುವೆಗಳು ದಡದಲ್ಲೇ ನಿಂತು ನೋಡಿದವು.

ನಾಲ್ಕು ಗಂಟೆಗೆ ಮಕ್ಕಳು ಬಂದರು. ಹೋದ ವರ್ಷ ನಕ್ಕ ಹುಡುಗನೂ ಬಂದಿದ್ದ. ಕೇಕನ್ನು ಹೊರಗೆ ತಂದು, ಮೇಣದಬತ್ತಿಯನ್ನು ಬೇಕೆಂದೇ ನಿಧಾನವಾಗಿ ಹುಡುಕಿದೆ. ಏನೂ ಅಲುಗಲಿಲ್ಲ. ಇದ್ದ ತೊಂದರೆ ಒಂದೇ, ಒಣಗಿದ ಐಸಿಂಗ್ ಚಾಕುವಿಗೆ ಬಗ್ಗದೆ ಚೂರಾಗುತ್ತಿತ್ತು. ಬಿಸಿನೀರಿನಲ್ಲಿ ಚಾಕು ಅದ್ದಿ, ಒರೆಸಿ, ಮತ್ತೆ ಅದ್ದಿ ಕತ್ತರಿಸಬೇಕಾಯಿತು. ಒಡೆದ ಅಂಚಿನ ಚೂರುಗಳಿಗೆ ಜಗಳವೇ ನಡೆಯಿತು. ಆ ಹುಡುಗನಿಗೆ ಹೆಸರಿನ ಕೊನೆಯ ಅಕ್ಷರ ಸಿಕ್ಕಿತು, ಮೊಮ್ಮಗಳೇ ಎತ್ತಿ ಕೊಟ್ಟಳು.

ಕೇಕಿನ ನಡುವೆ ಕೂತಿದ್ದ ಸಕ್ಕರೆ ನವಿಲನ್ನು ಮುಟ್ಟಲು ಅಜ್ಜಿ ಯಾರಿಗೂ ಬಿಡಲಿಲ್ಲ. ಸಂಜೆ ಅದರ ಕಾಲಿಗಂಟಿದ್ದ ಐಸಿಂಗನ್ನು ಬಿಡಿಸಿ, ಪಂಚೆ ತುಂಡಿನಲ್ಲಿ ಸುತ್ತಿ ಡಬ್ಬಿಗೆ ಹಾಕಿದಳು.