"ಪಿನ್ ಹೇಳವ್ವ" ಅನ್ನೋರಿಗೆ

"ಕಣ್ಣು ಕಾಣದಾಕಿಗೆ ಆನ್‌ಲೈನ್ ಯಾಕ್ರಿ, ಯಾರಾದ್ರೂ ಮೋಸ ಮಾಡ್ಯಾರು" ಅಂತ ಕೊಟ್ಟೂರು ತೇರಿಗೆ ಬಂದಾಗ ನೀವೇ ಅಂದಿದ್ರಿ, ಅಕ್ಕಾರೆ. ಈಗ ಕೇಳ್ರಿ.

ನನ್ನ ಮೈದುನನ ಮಗಳು ಕಂಪ್ಯೂಟರ್‌ನಾಗ ಎನ್‌ವಿಡಿಎ ಹಾಕ್ಕೊಂಡಾಳ. ಪರದೆ ಮ್ಯಾಲಿಂದು ಅದು ಓದಿ ಹೇಳ್ತೈತಿ, ಒಂದು ರೂಪಾಯಿನೂ ಕೊಡಂಗಿಲ್ಲ. ಅಂಗಡಿ ವಿಳಾಸ ಅಕ್ಷರ ಅಕ್ಷರ ಓದಿಸ್ತಾಳ. ನಾವೋ, ಸೀರಿ ಚಿತ್ರ ನೋಡಿ ಒತ್ತೇಬಿಡ್ತೀವಿ. ಪಿನ್ ಹಾಕೋವಾಗ ಕಿವಿಗೆ ಹೆಡ್‌ಫೋನ್, ಪರದೆ ಕತ್ತಲು.

ಆಕಿ ಸಿಕ್ಕಿಬೀಳೋದು ಹೆಸರಿಲ್ಲದ ಬಟನ್ನಿನ್ಯಾಗ. ಅಂಗಡಿಯವ್ರು ಹೆಸರು ಬರೆದಿರಂಗಿಲ್ಲ, "ಬಟನ್, ಬಟನ್" ಅಂತೈತಿ ಅಷ್ಟ. ಯಾವುದು ಖರೀದಿ, ಯಾವುದು ರದ್ದು? ಡಿಜಿಟಲ್ ಸೌಲಭ್ಯ ಸಿಗೋದು ಬದುಕೋ ಹಕ್ಕಿನೊಳಗೇ ಬರ್ತೈತಿ ಅಂತ 2025ರ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟೇ ಹೇಳೈತಿ. ಅಂಗಡಿಯವ್ರಿಗೆ ಇನ್ನೂ ಕೇಳಿಸಿಲ್ಲೇನೋ!

ಆಗ ಆಕಿ ನಮ್ಮನ್ನ ಕರೀತಾಳ. ನಾವು "ಪಿನ್ ಹೇಳವ್ವ, ನಾನೇ ಹಾಕ್ತೀನಿ" ಅಂತೀವಿ. ಹೋದ ವರ್ಷ ಹಂಗೇ ಹೇಳಿದ್ಲು. ನಮ್ಮವರೇ ಒಬ್ಬರು ಆಕಿ ಪಿಂಚಣಿ ರೊಕ್ಕದಾಗ ತಮ್ಮ ಮೊಬೈಲ್ ರೀಚಾರ್ಜ್ ಮಾಡಿಕೊಂಡ್ರು. ಹೆಸರು ಬರೆಯಂಗಿಲ್ಲ, ಇದನ್ನ ಓದ್ತಾರ.

ಬಟನ್ ಯಾವುದು ಅಂತ ಹೇಳ್ರಿ, ಪಿನ್ ಹಾಕೋವಾಗ ಅಡಗಿಮನಿಗೆ ಹೋಗ್ರಿ. ರೊಕ್ಕ ಹೋದ್ರ 1930ಕ್ಕ ಫೋನ್ ಮಾಡಬೇಕು ಅಂತ ಆಕಿಗೆ ಗೊತ್ತೈತಿ. ಮನಿಯವರ ಮ್ಯಾಲೆ ದೂರು ಕೊಡಾಕ ಮನಸ್ಸು ಬರಲಿಲ್ಲ ದೊಡ್ಡವ್ವ, ಅಂದ್ಲು.