ಹಿಮನಾಡಿನ ಕೆಂಪಂಗಿಯ ಕಾವಲುಗಾರರು

ನೆಲವನ್ನು ಬಲ್ಲವರೇ ನೆಲವನ್ನು ಕಾಯಬಲ್ಲರು. ಸೇನೆಯಂಥ ಬಿಗಿಯಾದ ವ್ಯವಸ್ಥೆಯೂ ಈ ಸತ್ಯವನ್ನು ಒಪ್ಪಿಕೊಂಡಿರುವುದಕ್ಕೆ ಕೆನಡಾದ ರೇಂಜರ್ ಪಡೆ ಸಾಕ್ಷಿ. 1947ರಲ್ಲಿ ರೂಪುಗೊಂಡ ಈ ಮೀಸಲು ಸ್ವಯಂಸೇವಕ ಪಡೆಯಲ್ಲಿ ಇಂದು ಸುಮಾರು 5,000 ಮಂದಿಯಿದ್ದಾರೆ. ಉತ್ತರದ ಹಿಮಪ್ರದೇಶ ಹಾಗೂ ದೂರದ ಕರಾವಳಿಯ 200ಕ್ಕೂ ಹೆಚ್ಚು ಊರುಗಳಲ್ಲಿ ಅವರ ಸೇವೆ ನಡೆದಿದೆ. ಇನ್ಯೂಟ್, ಕ್ರೀ ಮೊದಲಾದ ಮೂಲನಿವಾಸಿಗಳು ಅವರಲ್ಲಿ ಬಹಳಷ್ಟು ಮಂದಿ.

ಇವರು ಪಾಳೆಯದಲ್ಲಿ ವಾಸಿಸುವ ಸೈನಿಕರಲ್ಲ. ಬೇಟೆ, ಮೀನುಗಾರಿಕೆಗಳಿಂದ ಬದುಕು ಸಾಗಿಸುವ ಊರವರೇ ಕೆಂಪು ಅಂಗಿ ತೊಟ್ಟು ಗಸ್ತಿಗೆ ಹೊರಡುತ್ತಾರೆ. ಹಿಮವಾಹನ, ದೋಣಿಗಳು ಬಹುಪಾಲು ಅವರವೇ. ಬಳಕೆಗೆ ಸೇನೆ ಹಣ ಕೊಡುತ್ತದೆ. ತಂಡದ ನಾಯಕನನ್ನು ಸದಸ್ಯರೇ ಆರಿಸುತ್ತಾರೆ. ನಿವೃತ್ತಿಗೆ ಕಡ್ಡಾಯ ವಯಸ್ಸಿಲ್ಲದ ಕಾರಣ ಹಿರಿಯರ ಅನುಭವ ಪಡೆಯಲ್ಲಿಯೇ ಉಳಿಯುತ್ತದೆ. ಗಾಳಿ ಕೊರೆದ ಹಿಮದಲೆಗಳ ದಿಕ್ಕನ್ನು ನೋಡಿ ಬಿರುಗಾಳಿಯಲ್ಲೂ ದಾರಿ ಹಿಡಿಯುವ ವಿದ್ಯೆ ಯಾವ ತರಬೇತಿ ಶಾಲೆಯಲ್ಲೂ ತಿಂಗಳೊಪ್ಪತ್ತಿನಲ್ಲಿ ದೊರೆಯುವುದಲ್ಲ.

ಈ ವಿದ್ಯೆಯ ಬೆಲೆ ಆಪತ್ತಿನಲ್ಲಿ ತಿಳಿಯುತ್ತದೆ. 1999ರ ಹೊಸವರ್ಷದ ರಾತ್ರಿ ಉತ್ತರ ಕ್ವಿಬೆಕ್‌ನ ಕಾಂಗಿಕ್ಸುವಲುಜ್ಜುವಾಕ್ ಎಂಬ ಊರಿನಲ್ಲಿ, ಜನರು ಸಂಭ್ರಮಕ್ಕೆಂದು ಸೇರಿದ್ದ ಶಾಲಾ ಕಟ್ಟಡದ ಮೇಲೆ ಹಿಮರಾಶಿ ಕುಸಿದು 9 ಮಂದಿ ಸತ್ತರು. ಹೊರಗಿನ ನೆರವು ತಲುಪುವ ಮುನ್ನವೇ ಹಿಮ ಅಗೆದು ಜೀವಗಳನ್ನು ಉಳಿಸಲು ಮುಂದಾದ ಊರವರಲ್ಲಿ ರೇಂಜರುಗಳೂ ಇದ್ದರು. 2020ರ ಕೊರೋನಾ ಕಾಲದಲ್ಲಿ ದೂರದ ಊರುಗಳ ಹಿರಿಯರಿಗೆ ಆಹಾರ, ಕಟ್ಟಿಗೆ ಒದಗಿಸಿದವರೂ ಇವರೇ.

ಇಂಥವರಿಗೆ ಬರಿಯ ಹೊಗಳಿಕೆ, ಪದಕ ಸಾಲವು. ಗಾಯಗೊಂಡ ರೇಂಜರಿಗೆ ಸಿಗಬೇಕಾದ ಚಿಕಿತ್ಸೆ, ಪರಿಹಾರಗಳ ಅರಿವು ಅನೇಕರಿಗೆ ಇಲ್ಲವೆಂಬುದು 2017ರಲ್ಲಿ ಅಲ್ಲಿನ ಸೇನಾ ಒಂಬುಡ್ಸ್‌ಮನ್ ವರದಿಯಿಂದಲೇ ಹೊರಬಿತ್ತು. ಸ್ವಂತ ವಾಹನ ಸವೆಸಿ, ಸ್ವಂತ ದೇಹ ಒಡ್ಡಿ ದುಡಿಯುವವರನ್ನು ಅಗ್ಗದ ಕಾವಲು ಎಂದು ಬಗೆಯುವುದು ಕೃತಘ್ನತೆ.

ಹವಾಮಾನ ಬದಲಾವಣೆಯಿಂದ ಈ ಹೊಣೆ ಇನ್ನಷ್ಟು ಹೆಚ್ಚಿದೆ. ಕಡಲಿನ ಹಿಮ ತಡವಾಗಿ ಕಟ್ಟುತ್ತಿದೆ, ಬೇಗ ಒಡೆಯುತ್ತಿದೆ. ತಲೆಮಾರುಗಳಿಂದ ನಂಬಿದ್ದ ದಾರಿಗಳು ಅಪಾಯದ ದಾರಿಗಳಾಗುತ್ತಿವೆ. ಹಾಗೆಂದು ಹಳೆಯ ಅರಿವು ನಿರುಪಯುಕ್ತವೆನ್ನಲಾಗದು. ಬದಲಾವಣೆಯನ್ನು ಮೊದಲು ಗುರುತಿಸುವವನು ವರ್ಷವೂ ಅದೇ ಹಾದಿಯಲ್ಲಿ ನಡೆದವನೇ. ಅದಕ್ಕಾಗಿಯೇ 12ರಿಂದ 18 ವಯಸ್ಸಿನವರಿಗೆ ನಡೆಸುವ ಕಿರಿಯ ರೇಂಜರ್ ಕಾರ್ಯಕ್ರಮದಲ್ಲಿ ಹಿರಿಯರ ನೆಲದ ವಿದ್ಯೆಗೆ ಸ್ಥಾನವಿದೆ.

ಗುಡ್ಡ ಕುಸಿದಾಗ, ಕಾಡಿಗೆ ಬೆಂಕಿ ಬಿದ್ದಾಗ ಮೊದಲು ಓಡಿಬರುವವರು ನೆರೆಮನೆಯವರೇ ಎಂಬುದು ಬೆಟ್ಟದ ಜನರಿಗೆ ಹೊಸದಲ್ಲ. ಆ ನೆರೆಮನೆಯವನಿಗೆ ತರಬೇತಿ, ಸಲಕರಣೆ, ಗೌರವ ಮೂರನ್ನೂ ಕೊಡುವುದು ಸರ್ಕಾರದ ಔದಾರ್ಯವಲ್ಲ, ಕರ್ತವ್ಯ. ಹಿಮನಾಡಿನ ಕೆಂಪಂಗಿಯವರು ಕಲಿಸುವ ಪಾಠ ಇದೇ.