ಕಾಂಬಿನೇಷನ್ ಕೇಳಿ ಊರಿಂದ ಫೋನ್ ಬಂದಾಗ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಹಾಸ್ಟೆಲಿನಲ್ಲಿ ಎಲ್ಲರ ಫೋನಿಗೂ ಒಂದೇ ತರಹದ ಕರೆ ಬರ್ತವೆ. ಚಿಕ್ಕಪ್ಪ, ಸೋದರತ್ತೆ, ಪಕ್ಕದ ಮನೆ ಆಂಟಿ, ಅಪ್ಪನ ಜೊತೆ ಕೆಲಸ ಮಾಡೋರು. "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲಪ್ಪ, ನಮ್ಮ ಹುಡುಗಿಗೆ ಪಿಯುಸಿಲಿ ಏನು ಕೊಡಿಸೋಣ ಹೇಳು." ಎಂ-ತ್ರೀ ಬ್ಯಾಕ್ ಇಟ್ಕೊಂಡು ಕೂತಿರೋ ನಾವು ಗಂಟಲು ಸರಿ ಮಾಡಿಕೊಂಡು ಸಲಹೆ ಕೊಡ್ತೀವಿ.

ಆ ಸಲಹೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. "ಎಷ್ಟು ಬಂತು? ತೊಂಬತ್ತರ ಮೇಲಾ? ಹಂಗಾದ್ರೆ ಪಿಸಿಎಂಬಿ ತಗೊಳ್ಳಲಿ, ಎರಡೂ ಕಡೆ ಬಾಗಿಲು ತೆರೆದಿರುತ್ತೆ." "ಎಪ್ಪತ್ತಾ? ಮ್ಯಾಥ್ಸ್ ಬೇಡ ಬಿಡಿ, ಸುಮ್ನೆ ಟೆನ್ಶನ್." ಎರಡು ನಿಮಿಷದಲ್ಲಿ ಮಾತು ಮುಗಿಯುತ್ತೆ. ಆ ಕಡೆ ಹದಿನೈದು ವರ್ಷದ ಒಬ್ಬಳು ಫೋನಿನ ಪಕ್ಕ ನಿಂತು ಕೇಳಿಸಿಕೊಳ್ತಿರ್ತಾಳೆ ಅನ್ನೋದು ನಮಗೆ ಹೊಳೆಯೋದೂ ಇಲ್ಲ. ಅವಳ ಹತ್ರ ಫೋನ್ ಕೊಡಿ ಅಂತ ನಾವ್ಯಾರೂ ಕೇಳೋದಿಲ್ಲ.

ನಮ್ಮ ಕ್ಲಬ್ಬಿನಲ್ಲೊಬ್ಬರ ಚಿಕ್ಕಮ್ಮನ ಮಗಳ ವಿಷಯದಲ್ಲಿ ಹೀಗೇ ಆಯ್ತು. ಹಳ್ಳಿ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ, ಗಣಿತದಲ್ಲಿ ನೂರಕ್ಕೆ 91. ತಾಲ್ಲೂಕು ಕೇಂದ್ರದ ಪಿಯು ಕಾಲೇಜಿನಲ್ಲಿ ಸೈನ್ಸಿಗೆ ಸೇರಿದಳು. ಆರೇಳು ವಾರಕ್ಕೆ ಫೋನ್ ಬಂತು, ಮ್ಯಾಥ್ಸ್ ಏನೂ ತಲೆಗೆ ಹೋಗ್ತಿಲ್ಲ, ಅಳ್ತಾಳೆ ಅಂತ. "ಕಷ್ಟ ಆದ್ರೆ ಬಿಟ್ಬಿಡ್ಲಿ, ಆರ್ಟ್ಸಲ್ಲೂ ಸ್ಕೋಪ್ ಇದೆ" ಅಂದ್ವಿ. ಬಿಟ್ಟಳು. ದಸರಾ ರಜೆಗೆ ಊರಿಗೆ ಹೋದಾಗ ಅವಳ ಹಳೇ ನೋಟ್ಸ್ ಕಣ್ಣಿಗೆ ಬಿತ್ತು. ಬೋರ್ಡಿನ ಮೇಲಿದ್ದ ಇಂಗ್ಲಿಷನ್ನೆಲ್ಲ ಅಂದವಾಗಿ ಇಳಿಸಿಕೊಂಡಿದ್ದಾಳೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು. "ಇರ‍್ಯಾಷನಲ್ ಅಂದ್ರೆ ಅಭಾಗಲಬ್ಧನಾ ಅಣ್ಣ?" ಅಂತ ಕೇಳಿದಳು. ಹೌದು ಅಂದ್ರೆ, "ಅಯ್ಯೋ, ರೂಟ್ 2 ಅಭಾಗಲಬ್ಧ ಅಂತ ಸಾಧಿಸೋದು ನಂಗೆ ನಿದ್ದೇಲಿ ಕೇಳಿದ್ರೂ ಬರುತ್ತಲ್ಲ" ಅಂದಳು. ಅಲ್ಲೇ ನೆಲದ ಮೇಲೆ ಕೂತು ಸಾಧಿಸಿಯೂ ತೋರಿಸಿದಳು.

ಅವಳಿಗೆ ಗಣಿತ ಬರ್ತಿತ್ತು, ಗಣಿತದ ಇಂಗ್ಲಿಷ್ ಹೆಸರುಗಳು ಬರ್ತಿರಲಿಲ್ಲ. ಸಮಾಂತರ ಶ್ರೇಢಿ ಅಂತ ಕಲಿತದ್ದು ಒಂದೇ ಬೇಸಿಗೆಯಲ್ಲಿ ಎ.ಪಿ. ಆಗುತ್ತೆ, ಬಹುಪದೋಕ್ತಿ ಪಾಲಿನಾಮಿಯಲ್ ಆಗುತ್ತೆ, ಶೋಧಕ ಡಿಸ್ಕ್ರಿಮಿನೆಂಟ್ ಆಗುತ್ತೆ, ಸ್ಪರ್ಶಕ ಟ್ಯಾಂಜೆಂಟ್ ಆಗುತ್ತೆ. ಸಾಲದ್ದಕ್ಕೆ ತ್ರಿಕೋನಮಿತಿಯಲ್ಲೂ ಒಂದು ಟ್ಯಾಂಜೆಂಟ್ ಬಂದು ಕೂತ್ಕೊಳ್ಳುತ್ತೆ. ಇಂಗ್ಲಿಷ್ ಮೀಡಿಯಂನಿಂದ ಬಂದವರು ಇದನ್ನು ಗಮನಿಸೋದೇ ಇಲ್ಲ. ಕನ್ನಡ ಮೀಡಿಯಂನಿಂದ ಬಂದ ನಮ್ಮಲ್ಲಿ ಕೆಲವರಿಗೆ ಫಸ್ಟ್ ಪಿಯುನ ಮೊದಲ ಮೂರು ತಿಂಗಳು ಇನ್ನೂ ನೆನಪಿದೆ. ಲೆಕ್ಚರರ್ ಸೆಟ್ಸ್, ರಿಲೇಷನ್ಸ್ ಮುಗಿಸಿ ಟ್ರಿಗ್ನಾಮೆಟ್ರಿಗೆ ಬಂದಿರ್ತಾರೆ, ನಾವಿನ್ನೂ ಮೊದಲ ಪುಟದ ಪದಗಳಲ್ಲೇ ಇರ್ತೀವಿ. ಪಕ್ಕದ ಬೆಂಚಿನವನಿಗೆ ಎಲ್ಲ ಗೊತ್ತಿರೋ ಹಾಗೆ ಕಾಣುತ್ತೆ. ಆ ಹೊತ್ತಿಗೆ ಯಾರಾದರೂ "ನಿಂಗೆ ಮ್ಯಾಥ್ಸ್ ಆಗಿಬರಲ್ಲ" ಅಂದುಬಿಟ್ರೆ ಅದನ್ನು ನಂಬಿಬಿಡೋದು ತೀರಾ ಸುಲಭ. ನಂಬಿ ಬಿಟ್ಟವರು ಈ ಕ್ಯಾಂಪಸ್ಸಿನಲ್ಲಿ ಇಲ್ಲ, ಹಾಗಾಗಿ ಅವರ ಮಾತು ನಮಗೆ ಕೇಳೋದೂ ಇಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಹದಿನೈದನೇ ವಯಸ್ಸಿನಲ್ಲಿ ಮ್ಯಾಥ್ಸ್ ಬಿಡಿಸೋ ಸಲಹೆಯನ್ನು ಒಂದು ಮಾರ್ಕ್ಸ್ ಕಾರ್ಡ್ ನೋಡಿ, ಒಂದು ಫೋನಿನಲ್ಲಿ ಕೊಡಬಾರದು. ಎಸ್ಸೆಸ್ಸೆಲ್ಸಿ ಅಂಕ ಗಣಿತದ ಬಗ್ಗೆ ಹೇಳೋದು ಬಹಳ ಕಡಿಮೆ. 20 ಅಂಕ ಸ್ಕೂಲಿನ ಆಂತರಿಕ ಮೌಲ್ಯಮಾಪನದ್ದು, ಉಳಿದ 80 ಪರೀಕ್ಷೆಯದ್ದು. ಪಾಸಿಂಗ್ ಪ್ಯಾಕೇಜ್ ಅಂತ ಥೇಲ್ಸ್ ಪ್ರಮೇಯ, ಗ್ರಾಫು ಇಷ್ಟನ್ನೇ ಉರು ಹೊಡೆಸಿ ದಡ ಸೇರಿಸೋ ಪದ್ಧತಿ ನಮಗೆಲ್ಲ ಗೊತ್ತಿರೋದೇ. ತೊಂಬತ್ತು ತಗೊಂಡವನಿಗೆ ಉರು ಹೊಡೆಯೋ ಶಕ್ತಿ ಇರಬಹುದು, ಅರವತ್ತೈದು ತಗೊಂಡವಳಿಗೆ ಯೋಚನೆ ಮಾಡೋ ಅಭ್ಯಾಸ ಇರಬಹುದು. ಒಳ್ಳೆ ಮೇಷ್ಟ್ರು ಸಿಕ್ಕಿದ್ರಾ, ಮೇಷ್ಟ್ರೇ ಇರಲಿಲ್ವಾ ಅನ್ನೋದನ್ನೂ ಆ ಕಾರ್ಡ್ ಹೇಳಲ್ಲ.

ಇನ್ನೊಂದು ವಿಷಯ, ಈ ದಾರಿ ಒಂದೇ ಕಡೆಗೆ ತೆರೆಯುತ್ತೆ. ಮ್ಯಾಥ್ಸ್ ಇಟ್ಕೊಂಡು ಪಿಯುಸಿ ಮುಗಿಸಿದವರು ಆಮೇಲೆ ಬಿಎ, ಬಿಕಾಂ, ಲಾ ಯಾವುದಕ್ಕೆ ಬೇಕಾದ್ರೂ ಹೋಗಬಹುದು. ಬಿಟ್ಟವರು ವಾಪಸ್ ಬರೋದು ಕಷ್ಟ. ಇಂಜಿನಿಯರಿಂಗ್ ಒಂದೇ ಅಲ್ಲ. ಎನ್‌ಡಿಎ ಮೂಲಕ ಏರ್‌ಫೋರ್ಸಿಗೋ ನೇವಿಗೋ ಹೋಗಬೇಕಂದ್ರೆ ಹನ್ನೆರಡನೇ ತರಗತಿಯಲ್ಲಿ ಫಿಸಿಕ್ಸ್ ಜೊತೆ ಮ್ಯಾಥ್ಸ್ ಇರಲೇಬೇಕು. 2021ರಿಂದ ಆ ಪರೀಕ್ಷೆಯನ್ನು ಹುಡುಗಿಯರೂ ಬರೀತಿದ್ದಾರೆ ಅನ್ನೋದು ನಮ್ಮೂರುಗಳಿಗೆ ಇನ್ನೂ ತಲುಪಿಲ್ಲ. ಬೆಂಗಳೂರಿನಲ್ಲೇ ಇರೋ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬಿ.ಮ್ಯಾಥ್ ಸೇರೋಕೂ ಅಷ್ಟೇ. ದೆಹಲಿ ವಿಶ್ವವಿದ್ಯಾಲಯದಲ್ಲಿ ಎಕನಾಮಿಕ್ಸ್ ಆನರ್ಸ್ ಮಾಡೋಕೂ ಮ್ಯಾಥ್ಸ್ ಕೇಳ್ತಾರೆ. ಎಕನಾಮಿಕ್ಸಿಗೆ ಮ್ಯಾಥ್ಸಾ ಅಂತ ನಮ್ಮ ಚಿಕ್ಕಮ್ಮ ಬಾಯಿ ಮೇಲೆ ಬೆರಳಿಟ್ಟರು. ಬಿಎ, ಬಿಕಾಂ ಮಾಡಿ ಆಮೇಲೆ ಎಂಸಿಎ ಅಂತ ಪ್ಲಾನ್ ಮಾಡಿದವರಿಗೂ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಎಲ್ಲಾದರೂ ಒಂದು ಕಡೆ ಮ್ಯಾಥ್ಸ್ ಓದಿರಬೇಕು ಅನ್ನೋ ನಿಯಮ ಕೆಲವು ಕಾಲೇಜುಗಳಲ್ಲಿ ಅಡ್ಡ ಬರಬಹುದು. ರಾಷ್ಟ್ರೀಯ ಮುಕ್ತ ಶಾಲೆ, ಅಂದ್ರೆ ಎನ್‌ಐಒಎಸ್‌ನಲ್ಲಿ ಒಂದೇ ವಿಷಯ ಕಟ್ಟಿ ಬರೆಯೋ ದಾರಿ ಇದೆ ನಿಜ. ಆದ್ರೆ ಹಳ್ಳಿಯಲ್ಲಿ ಕೂತು ಒಬ್ಬಳೇ ಕ್ಯಾಲ್ಕುಲಸ್ ಕಲಿಯೋದು ಎಷ್ಟು ಜನಕ್ಕೆ ಸಾಧ್ಯ?

2021ರಲ್ಲಿ ಎಐಸಿಟಿಇ ಒಂದು ಕೈಪಿಡಿ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಇಂಜಿನಿಯರಿಂಗ್ ಸೇರೋಕೆ 14 ವಿಷಯಗಳ ಪಟ್ಟಿಯಲ್ಲಿ ಯಾವುದಾದರೂ ಮೂರು ಓದಿದ್ರೆ ಸಾಕು, ಮ್ಯಾಥ್ಸ್ ಇಲ್ಲದಿದ್ರೂ ಬ್ರಿಡ್ಜ್ ಕೋರ್ಸ್ ಮಾಡಿಸಿ ಅಂತ ಅದರಲ್ಲಿತ್ತು. ವಾಟ್ಸಾಪಿನಲ್ಲಿ "ಇನ್ಮೇಲೆ ಇಂಜಿನಿಯರಿಂಗ್‌ಗೆ ಮ್ಯಾಥ್ಸ್ ಬೇಡ" ಅನ್ನೋ ಮೆಸೇಜು ಓಡಾಡಿದ್ದೇ ಓಡಾಡಿದ್ದು. ಊರಲ್ಲಿ ಇವತ್ತಿಗೂ ಅದನ್ನು ನಂಬಿದೋರು ಇದ್ದಾರೆ. ನಮ್ಮ ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ ನಿಂತಿರೋದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೇಲೇ, ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ಬೇರೆ ದಾರಿಯಿಂದ ಸೀಟು ಸಿಕ್ಕಿತು ಅಂತಲೇ ಇಟ್ಕೊಳ್ಳಿ, ಒಳಗೆ ಬಂದ ಮೇಲೆ ಎಂ-ಒನ್ ಯಾರನ್ನೂ ಬಿಡಲ್ಲ. ಡಿಪ್ಲೊಮಾದಿಂದ ನೇರವಾಗಿ ಎರಡನೇ ವರ್ಷಕ್ಕೆ ಬಂದ ಗೆಳೆಯರನ್ನು ಕೇಳಿ. ವಿಟಿಯು ಅವರಿಗೆ ಅಂತಲೇ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಇಟ್ಟಿತ್ತು, ಮ್ಯಾಟ್‌ಡಿಪ್ ಅಂತ ಅದರ ಅಡ್ಡಹೆಸರು. ಡ್ರಾಯಿಂಗ್, ಮಷೀನುಗಳಲ್ಲಿ ನಮಗಿಂತ ಎರಡು ಹೆಜ್ಜೆ ಮುಂದೆ ಇರೋ ಈ ಹುಡುಗರು ಇಂಟಿಗ್ರೇಷನ್ ಬಂದಾಗ ಹಿಂದಿನ ಬೆಂಚಿಗೆ ಹೋಗೋದನ್ನು ನೋಡಿದ್ದೀವಿ. ಎರಡು ಸೆಮಿಸ್ಟರ್ ಒದ್ದಾಡಿ ಮೇಲೆ ಬರೋದನ್ನೂ ನೋಡಿದ್ದೀವಿ. ಬಿಟ್ಟುಹೋದ ಮ್ಯಾಥ್ಸನ್ನು ಕಟ್ಟಿಕೊಳ್ಳಬಹುದು, ಆದರೆ ಅದಕ್ಕೆ ತರಗತಿ ಬೇಕು, ಮೇಷ್ಟ್ರು ಬೇಕು, ಜೊತೆಗೆ ಕೂರೋ ಗೆಳೆಯರು ಬೇಕು.

ನಮ್ಮಲ್ಲಿ ಸಿಬಿಎಸ್‌ಇಯಿಂದ ಬಂದ ಕೆಲವರು ಬೇರೆ ಮಾತು ಹೇಳ್ತಾರೆ. ಅಲ್ಲಿ 2020ರ ಪರೀಕ್ಷೆಯಿಂದ ಹತ್ತನೇ ತರಗತಿಗೆ ಬೇಸಿಕ್, ಸ್ಟ್ಯಾಂಡರ್ಡ್ ಅಂತ ಎರಡು ಮಟ್ಟದ ಗಣಿತ ಪತ್ರಿಕೆ ಇದೆ. ಪಾಠ ಎರಡಕ್ಕೂ ಒಂದೇ, ಪ್ರಶ್ನೆಪತ್ರಿಕೆ ಮಾತ್ರ ಬೇರೆ. ಭಯ ಇರೋ ಮಕ್ಕಳಿಗೆ ಇದು ಒಳ್ಳೇದೇ ಅಲ್ವಾ, ನಮ್ಮ ಎಸ್ಸೆಸ್ಸೆಲ್ಸಿಗೂ ಬರಲಿ ಅನ್ನೋದು ಅವರ ವಾದ. ಇದರ ಬಗ್ಗೆ ನಮ್ಮೊಳಗೇ ಜಗಳ ಆಗಿದೆ. ಗಣಿತದಲ್ಲಿ ಫೇಲ್ ಆಗಿ ಓದೇ ಬಿಟ್ಟವರು ಪ್ರತಿ ಊರಲ್ಲೂ ಇರುವಾಗ ಈ ಮಾತನ್ನು ತಳ್ಳಿಹಾಕೋಕೆ ಆಗಲ್ಲ. ಆದರೆ ಅಲ್ಲಿ ಮೊದಲು ಇದ್ದ ನಿಯಮ ನೋಡಿ: ಬೇಸಿಕ್ ಬರೆದವರಿಗೆ ಹನ್ನೊಂದರಲ್ಲಿ ಮಾಮೂಲಿ ಮ್ಯಾಥ್ಸ್ ಬೇಕು ಅಂತ ಅನಿಸಿದ್ರೆ ಸ್ಟ್ಯಾಂಡರ್ಡ್ ಪತ್ರಿಕೆಯನ್ನು ಮತ್ತೆ ಬರೆದು ಪಾಸಾಗಬೇಕಿತ್ತು. ಆಮೇಲೆ ಸಡಿಲ ಮಾಡಿದರು. ಹದಿನಾಲ್ಕು ವರ್ಷದ ಮಗು ಹೆದರಿ ಹಾಕಿದ ಒಂದು ಟಿಕ್ ಎರಡು ವರ್ಷ ಬೆನ್ನು ಹತ್ತೋ ಹಾಗಿದ್ರೆ ನಮಗೆ ಬೇಡ. ಸುಲಭದ ಪತ್ರಿಕೆ ಇರಲಿ, ಬಾಗಿಲಿಗೆ ಬೀಗ ಬೇಡ ಅನ್ನೋದರಲ್ಲಿ ನಮ್ಮಲ್ಲಿ ಹೆಚ್ಚಿನವರು ಒಪ್ಪಿದ್ದೀವಿ. ಯಾಕಂದ್ರೆ ಬೇಸಿಕ್‌ನಲ್ಲಿ ಹೋಗಿ ಕೂರೋರು ಯಾರು ಅನ್ನೋದು ಮೊದಲೇ ಗೊತ್ತು. ಗಣಿತಕ್ಕೆ ಕಾಯಂ ಮೇಷ್ಟ್ರಿಲ್ಲದ ಸ್ಕೂಲಿನ ಮಕ್ಕಳು, ಮತ್ತೆ "ಹೆಣ್ಣುಮಗುಗೆ ಅಷ್ಟು ಕಷ್ಟ ಯಾಕೆ" ಅನ್ನೋ ಮನೆಯ ಮಕ್ಕಳು.

ಹಾಗಂತ ಎಲ್ಲರೂ ಮ್ಯಾಥ್ಸ್ ತಗೊಳ್ಳಲೇಬೇಕು ಅಂತ ನಾವು ಹೇಳ್ತಿಲ್ಲ. ಅಪ್ಪನ ಆಸೆಗೆ ತಗೊಂಡು ನಾಲ್ಕು ವರ್ಷ ಸಂಕಟ ಪಡ್ತಿರೋರು ನಮ್ಮ ಬ್ರಾಂಚಿನಲ್ಲೇ ಇದ್ದಾರೆ, ಅವರಿಗೆ ನಾವು ಯಾವ ಮುಖ ಇಟ್ಕೊಂಡು ಹಾಗೆ ಹೇಳೋದು? ಇತಿಹಾಸವೋ ಸಾಹಿತ್ಯವೋ ನಿಜಕ್ಕೂ ಬೇಕಾಗಿರೋ ಹುಡುಗನಿಗೆ ಸೈನ್ಸ್ ಕೊಡಿಸೋದು ಅನ್ಯಾಯವೇ. ಪಿಸಿಎಂಬಿ ಅನ್ನೋ ನಮ್ಮ ಸಿದ್ಧ ಉತ್ತರ ಕೂಡ ಸೋಮಾರಿತನದ್ದು. ಎರಡು ಬಾಗಿಲು ತೆರೆದಿಡ್ತೀವಿ ಅಂತ ನೀಟೂ ಬೇಕು, ಸಿಇಟಿಯೂ ಬೇಕು ಅಂತ ಹೊರೆ ಹೊರಿಸಿ, ಮಗು ಎರಡರ ಮಧ್ಯೆ ನಿಂತು ಬೆವರೋದನ್ನು ನೋಡಿದ್ದೀವಿ. ಬಯಾಲಜಿ ಇಷ್ಟ ಇಲ್ಲದವಳಿಗೆ ಕಂಪ್ಯೂಟರ್ ಸೈನ್ಸೋ ಸ್ಟ್ಯಾಟಿಸ್ಟಿಕ್ಸೋ ಇರೋ ಕಾಂಬಿನೇಷನ್ ಹತ್ತಿರದ ಕಾಲೇಜಿನಲ್ಲಿದೆಯಾ ಅಂತ ವಿಚಾರಿಸೋಕೆ ಅರ್ಧ ಗಂಟೆ ಸಾಕು. ಕಾಮರ್ಸ್ ಅಂದವರಿಗೆ ಅಲ್ಲೂ ಬೇಸಿಕ್ ಮ್ಯಾಥ್ಸ್ ತಗೋಬಹುದು ಅಂತ ಹೇಳೋಕೆ ಅರ್ಧ ನಿಮಿಷ ಸಾಕು. ನಮ್ಮಲ್ಲೇ ಎಷ್ಟೋ ಜನಕ್ಕೆ ಅದು ಗೊತ್ತಿರಲಿಲ್ಲ.

ಫೇಲ್ ಆದ್ರೆ ಅನ್ನೋ ಭಯಕ್ಕೂ ಈಗ ಸ್ವಲ್ಪ ಉತ್ತರ ಇದೆ. 2024ರಿಂದ ಸೆಕೆಂಡ್ ಪಿಯು ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯೋ ಅವಕಾಶ ಕೊಟ್ಟಿದ್ದಾರೆ, ಹೆಚ್ಚು ಬಂದ ಅಂಕವನ್ನೇ ಇಟ್ಕೊಳ್ಳಬಹುದು. ಒಂದು ಕೆಟ್ಟ ದಿನಕ್ಕೆ ಇಡೀ ವರ್ಷ ಹೋಗಲ್ಲ.

ಮ್ಯಾಥ್ಸ್ ತಗೊಂಡವರ ಕಥೆಯೂ ಅಷ್ಟೇನೂ ಚಂದ ಇಲ್ಲ, ಅದನ್ನೂ ಒಪ್ಕೊಳ್ಳೋಣ. ನಾವು ತಗೊಂಡದ್ದು 80 ನಿಮಿಷಕ್ಕೆ 60 ಪ್ರಶ್ನೆ ಅನ್ನೋ ಲೆಕ್ಕದ ಮ್ಯಾಥ್ಸ್. ಆಪ್ಷನ್ ಹಾಕಿ ನೋಡೋದು, ಶಾರ್ಟ್‌ಕಟ್ಟು, ಫಾರ್ಮುಲಾ ಹಾಳೆ. ಫಸ್ಟ್ ಪಿಯು ಅಂಕ ರ‍್ಯಾಂಕಿಗೆ ಸೇರಲ್ಲ ಅಂತ ಆ ಒಂದು ವರ್ಷವನ್ನೇ ಓಡಿಸಿಬಿಟ್ರು. ಹೊಸ ಪುಸ್ತಕದಲ್ಲಂತೂ ಹೊರೆ ಇಳಿಸೋ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಮ್ಯಾಥಮ್ಯಾಟಿಕಲ್ ಇಂಡಕ್ಷನ್ ಅಧ್ಯಾಯವನ್ನೇ ತೆಗೆದುಹಾಕಿದೆ. ಆಮೇಲೆ ಸಿಎಸ್‌ನವರು ಡಿಸ್ಕ್ರೀಟ್ ಮ್ಯಾಥ್ಸ್ ಕ್ಲಾಸಿನಲ್ಲಿ ಮೊದಲ ಸಲ ಇಂಡಕ್ಷನ್ ನೋಡಿ ಕಣ್ಣು ಕಣ್ಣು ಬಿಡ್ತಾರೆ. ಊರಿನ ಹುಡುಗಿಗೆ ಮ್ಯಾಥ್ಸ್ ತಗೋ ಅನ್ನುವಾಗ ನಮ್ಮ ತಲೆಯಲ್ಲಿ ಇರೋದು ಈ ಮ್ಯಾಥ್ಸಾ? ಅವಳ ಕೈಯಲ್ಲಾಗಲೇ ಇದ್ದದ್ದು ರೂಟ್ 2ರ ಸಾಧನೆ. ಹಾಗೆ ನೋಡಿದ್ರೆ ಅವಳು ನಮಗಿಂತ ಮುಂದೆ ಇದ್ದಳು.

ಅದಕ್ಕೇ ಈ ಸಲ ಕ್ಲಬ್ಬಿನಲ್ಲಿ ಕೂತು ಒಂದೆರಡು ಮಾತು ಆಡಿಕೊಂಡಿದ್ದೀವಿ. ಕರೆ ಬಂದ್ರೆ ಮೊದಲು ಮಗುವಿನ ಹತ್ರ ಫೋನ್ ಕೊಡಿ ಅನ್ನೋದು. ಅಂಕ ಎಷ್ಟು ಅಂತ ಕೇಳೋದಕ್ಕಿಂತ ಮುಂಚೆ, ಯಾವ ಲೆಕ್ಕ ಮಾಡುವಾಗ ಟೈಮ್ ಹೋದದ್ದೇ ಗೊತ್ತಾಗಲಿಲ್ಲ ಅಂತ ಕೇಳೋದು. ಕನ್ನಡ ಮೀಡಿಯಂ ಆಗಿದ್ರೆ, ಬಿಡಬೇಕಾ ಬೇಡವಾ ಅನ್ನೋದನ್ನು ಆರು ತಿಂಗಳು ಮುಂದಕ್ಕೆ ಹಾಕು ಅಂತ ಹೇಳೋದು. ಹಾಗೆ ಹೇಳಿದ ಮೇಲೆ ನಮಗೂ ಜವಾಬ್ದಾರಿ ಬರುತ್ತೆ. ಹತ್ತನೇ ತರಗತಿಯ ಕನ್ನಡ ಗಣಿತ ಪುಸ್ತಕ ಮತ್ತು ಫಸ್ಟ್ ಪಿಯು ಪುಸ್ತಕ ಪಕ್ಕಪಕ್ಕ ಇಟ್ಕೊಂಡು ಪದಗಳ ಪಟ್ಟಿ ಮಾಡೋಕೆ ಶುರು ಮಾಡಿದ್ದೀವಿ. ಜ್ಯಾ ಅಂದ್ರೆ ಕಾರ್ಡ್, ಛೇದಕ ಅಂದ್ರೆ ಸೀಕೆಂಟ್, ಸಂಭವನೀಯತೆ ಅಂದ್ರೆ ಪ್ರಾಬಬಿಲಿಟಿ. ಇದೇನೂ ದೊಡ್ಡ ಕೆಲಸ ಅಲ್ಲ. ಕ್ಯಾಂಟೀನಿನಲ್ಲಿ ಕೂತು ಎರಡು ಸಂಜೆಯಲ್ಲಿ ಅರ್ಧ ಮುಗೀತು. ಕನ್ನಡ ಮೀಡಿಯಂನಿಂದ ಬಂದವರು ಉಳಿದರ್ಧಕ್ಕೆ ಬಂದು ಸೇರಿಕೊಳ್ಳಿ, ನಿಮಗೆ ಎಡವಿದ ಪದಗಳು ನಿಮಗೇ ಚೆನ್ನಾಗಿ ಗೊತ್ತು.

ಚಿಕ್ಕಮ್ಮನ ಮಗಳ ತಮ್ಮ ಈ ಸಲ ಹತ್ತನೇ ಕ್ಲಾಸು. ರಿಸಲ್ಟ್ ಬಂದ ದಿನ ಅವಳೇ ಫೋನ್ ಮಾಡಿದ್ದಳು. ಗಣಿತದಲ್ಲಿ 68 ಅಂತೆ. "ಅಪ್ಪ ಬೇಡ ಅಂತಿದ್ದಾರೆ, ನೀವೇನಂತೀರಿ?" ಅಂದಳು. ನಾವು ತಕ್ಷಣ ಏನೂ ಹೇಳಲಿಲ್ಲ. ಭಾನುವಾರ ಸಂಜೆ ಮಾಡ್ತೀವಿ, ಅವನ ಹತ್ರ ಫೋನ್ ಕೊಡು, ಪಕ್ಕದಲ್ಲಿ ನೀನೂ ಕೂತಿರು ಅಂದ್ವಿ.